‘ವಾಯೇಜ್ ಆಫ್ ದಿ ಡ್ಯಾಮ್ಡ್’ ಚಿತ್ರದ ಕೊನೆಯ ಅಂಕಿ: ಒಂದು ಟಿಪ್ಪಣಿ

ಸ್ಟುವರ್ಟ್ ರೋಸೆನ್‌ಬರ್ಗ್ ನಿರ್ದೇಶಿಸಿದ ‘ವಾಯೇಜ್ ಆಫ್ ದಿ ಡ್ಯಾಮ್ಡ್’ 1976ರ ಡಿಸೆಂಬರಿನಲ್ಲಿ ತೆರೆಗೆ ಬಂತು. 1939ರ ಮೇ ತಿಂಗಳಲ್ಲಿ ಹ್ಯಾಂಬರ್ಗ್ ಬಂದರಿನಿಂದ ಕ್ಯೂಬಾಕ್ಕೆ ಹೊರಟು, ಅಲ್ಲಿ ಇಳಿಯಲು ಅಪ್ಪಣೆ ಸಿಗದೆ, ಅಮೆರಿಕದ ಕರಾವಳಿಯ ದೀಪಗಳನ್ನು ಕಣ್ಣಾರೆ ಕಂಡು ಮತ್ತೆ ಯುರೋಪಿಗೇ ಮರಳಬೇಕಾಗಿ ಬಂದ ‘ಸೇಂಟ್ ಲೂಯಿಸ್’ ಹಡಗಿನ ಯಹೂದಿ ನಿರಾಶ್ರಿತರ ಕಥೆ ಅದು. ಕಥೆ ಮುಗಿದ ಮೇಲೆ ತೆರೆಯಲ್ಲಿ ಬರಹ ಮೂಡುತ್ತದೆ. ಕೆಲವು ಪಾತ್ರಗಳ ಮುಂದಿನ ಗತಿ ಹೇಳಿದ ಮೇಲೆ, 937 ಪ್ರಯಾಣಿಕರ ಪೈಕಿ 600ಕ್ಕೂ ಹೆಚ್ಚು ಮಂದಿ ನಾಜಿ ಶಿಬಿರಗಳಲ್ಲಿ ಸತ್ತರು ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಚಿತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಈ ಅಂಕಿಯೇ. ಲೇಖನಗಳಲ್ಲಿ, ಭಾಷಣಗಳಲ್ಲಿ ಅದು ಇಂದಿಗೂ ಕೇಳಿಬರುತ್ತದೆ.

ಆ ಅಂಕಿ ತಪ್ಪು. ಒಬ್ಬೊಬ್ಬ ಪ್ರಯಾಣಿಕನ ಜಾಡು ಹಿಡಿದು ಹೋದ ಸಂಶೋಧನೆಯ ಪ್ರಕಾರ ಹತ್ಯಾಕಾಂಡದಲ್ಲಿ ಸತ್ತವರು 254 ಮಂದಿ. ಹೀಗೆ ಅಂಕಿ ತಿದ್ದಲು ಕೂತರೆ ಕೆಲವರಿಗೆ ಇರುಸುಮುರುಸಾಗುವುದು ಸಹಜ. ಸಾವಿನ ಲೆಕ್ಕವನ್ನು ಕಡಿಮೆ ಮಾಡಿ ತೋರಿಸುವವರ ಸಾಲಿನಲ್ಲಿ ನಾವೂ ನಿಂತಂತಾಗುವುದೇ ಎಂಬ ಅಂಜಿಕೆ ಅದು. ನನ್ನ ವಾದ ಇದಕ್ಕೆ ತದ್ವಿರುದ್ಧ. 600 ಎಂಬ ಅಂಕಿ ಹಡಗು ಹವಾನಾದಿಂದ ಹಿಂದಿರುಗಿದ ದಿನವೇ ಎಲ್ಲರ ಹಣೆಬರಹ ತೀರ್ಮಾನವಾಗಿತ್ತು ಎಂದು ನಂಬಿಸುತ್ತದೆ. 254 ಎಂಬ ಅಂಕಿ ಹಾಗಲ್ಲ. ಯಾರು, ಯಾವ ದೇಶದಲ್ಲಿ, ಯಾವಾಗ, ಯಾವ ಕಾಗದ ಕೈಯಲ್ಲಿ ಇಲ್ಲದೆ ಸತ್ತರು ಎಂದು ಕೇಳುವಂತೆ ಮಾಡುತ್ತದೆ. ಹೊಣೆಗಾರಿಕೆ ಖಚಿತವಾಗುವುದು ಆ ಪ್ರಶ್ನೆಗಳಿಂದ.

ಮೊದಲು ಚಿತ್ರದ ಆಕರ. ಗಾರ್ಡನ್ ಥಾಮಸ್ ಮತ್ತು ಮ್ಯಾಕ್ಸ್ ಮಾರ್ಗನ್-ವಿಟ್ಸ್ 1974ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಪುಸ್ತಕವನ್ನು ಆಧರಿಸಿ ಸ್ಟೀವ್ ಶಾಗನ್ ಮತ್ತು ಡೇವಿಡ್ ಬಟ್ಲರ್ ಚಿತ್ರಕಥೆ ಬರೆದರು. ಪುಸ್ತಕದ ಲೇಖಕರು ಬದುಕುಳಿದವರನ್ನು ಹುಡುಕಿ ಮಾತಾಡಿಸಿದ್ದರು. ಆದರೆ ಎಲ್ಲ ಪ್ರಯಾಣಿಕರ ಗತಿಯನ್ನು ಹೆಸರು ಹೆಸರಾಗಿ ಪತ್ತೆ ಮಾಡುವುದು ಆಗ ಅವರ ಅಳವಿಗೆ ಮೀರಿದ ಕೆಲಸ. ಹಾಗಾಗಿ ಅವರು ಅಂದಾಜಿನ ದಾರಿ ಹಿಡಿದರು. ಆಯಾ ದೇಶದಲ್ಲಿ ಯಹೂದಿಗಳು ಒಟ್ಟಾರೆ ಯಾವ ಪ್ರಮಾಣದಲ್ಲಿ ಬದುಕುಳಿದರೋ ಅದನ್ನೇ ಹಡಗಿನವರಿಗೂ ಅನ್ವಯಿಸಿದರು. ಆ ಲೆಕ್ಕದಂತೆ ಫ್ರಾನ್ಸಿನಲ್ಲಿ ಸುಮಾರು 180, ಬೆಲ್ಜಿಯಮ್ಮಿನಲ್ಲಿ 152, ನೆದರ್‌ಲ್ಯಾಂಡ್ಸಿನಲ್ಲಿ 60 ಮಂದಿ ಉಳಿದಿರಬೇಕು. ಇಂಗ್ಲೆಂಡಿಗೆ ಹೋದವರನ್ನೂ ಕ್ಯೂಬಾದಲ್ಲಿ ಇಳಿದವರನ್ನೂ ಸೇರಿಸಿದರೆ ಒಟ್ಟು 709 ಮಂದಿ ಬದುಕುಳಿದವರು, 227 ಮಂದಿ ಸತ್ತವರು.

ಗಮನಿಸಬೇಕಾದದ್ದು ಇಲ್ಲಿದೆ. ಮೂಲ ಪುಸ್ತಕದ ಅಂದಾಜು 227. ಅದನ್ನೇ ನೆಚ್ಚಿದ ಚಿತ್ರದ ಅಂಕಿ 600ಕ್ಕೂ ಮೇಲೆ. ಅಂದರೆ ಚಿತ್ರ ತನ್ನ ಆಕರವನ್ನೇ ಮೀರಿ ಹೋಗಿದೆ. ಈ 600 ಎಲ್ಲಿಂದ ಬಂತು ಎಂಬುದಕ್ಕೆ ನನಗೆ ಸಂಭವನೀಯವಾಗಿ ಕಾಣುವ ಉತ್ತರ ಒಂದೇ. ಇಂಗ್ಲೆಂಡ್ ಬಿಟ್ಟು ಯುರೋಪಿನ ನೆಲದ ಮೇಲೆ ಇಳಿದವರ ಸಂಖ್ಯೆ ಸುಮಾರು 620. ‘ಅಪಾಯದ ನೆಲಕ್ಕೆ ಮರಳಿದವರು’ ಮತ್ತು ‘ಸತ್ತವರು’ ಎಂಬ ಎರಡು ಎಣಿಕೆಗಳನ್ನು ಯಾರೋ ಒಂದಾಗಿಸಿದ್ದಾರೆ. ಇದು ನನ್ನ ಊಹೆ, ಊಹೆಯೆಂದೇ ಇಲ್ಲಿ ದಾಖಲಿಸುತ್ತೇನೆ. ಆದರೆ ಎರಡು ಅಂಕಿಗಳು ಇಷ್ಟು ಹತ್ತಿರವಿರುವುದನ್ನು ಕಡೆಗಣಿಸುವಂತಿಲ್ಲ.

ಎಣಿಕೆಯನ್ನು ಬುಡದಿಂದ ನೋಡೋಣ. ಹಡಗು 1939ರ ಮೇ 13ರಂದು ಹ್ಯಾಂಬರ್ಗ್ ಬಿಟ್ಟಿತು. ಫ್ರಾನ್ಸಿನ ಶೆರ್‌ಬೂರ್ಗ್‌ನಲ್ಲಿ ಇನ್ನಷ್ಟು ಜನ ಹತ್ತಿದರು. ಒಟ್ಟು 937. ದಾರಿಯಲ್ಲೇ ವೃದ್ಧರೊಬ್ಬರು ಕಾಯಿಲೆಯಿಂದ ತೀರಿಕೊಂಡರು, ಅವರ ದೇಹವನ್ನು ಕಡಲಿಗೆ ಒಪ್ಪಿಸಲಾಯಿತು. ಮೇ 27ರಂದು ಹವಾನಾ ತಲುಪಿದಾಗ ಕ್ಯೂಬಾ ಇಳಿಸಿಕೊಂಡದ್ದು 28 ಮಂದಿಯನ್ನು. ಅವರಲ್ಲಿ 22 ಮಂದಿ ಅಮೆರಿಕದ ಸಿಂಧುವಾದ ವೀಸಾ ಇದ್ದ ಯಹೂದಿಗಳು, ನಾಲ್ವರು ಸ್ಪೇನಿನವರು, ಇಬ್ಬರು ಕ್ಯೂಬಾದವರೇ. ಇವರಲ್ಲದೆ, ಬ್ರೆಸ್ಲೌ ನಗರದ ವಕೀಲರೊಬ್ಬರು ಮಣಿಕಟ್ಟು ಕೊಯ್ದುಕೊಂಡು ಕಡಲಿಗೆ ಹಾರಿದ್ದರಿಂದ ಅವರನ್ನು ಹವಾನಾದ ಆಸ್ಪತ್ರೆಗೆ ಸಾಗಿಸಬೇಕಾಯಿತು. ಉಳಿದವರು 907. ಇದನ್ನು ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ಕ್ಯೂಬಾದ ಅಧ್ಯಕ್ಷರು ಕೊನೆಗೆ ಕೇಳಿದ ಠೇವಣಿ 4,53,500 ಡಾಲರ್, ತಲೆಗೆ 500ರಂತೆ. ಭಾಗಿಸಿದರೆ 907. ಮುಂದೆ ನಾಲ್ಕು ದೇಶಗಳು ಹಂಚಿಕೊಂಡ ನಿರಾಶ್ರಿತರನ್ನು ಕೂಡಿದರೂ ಅಷ್ಟೇ. ಕೆಲವು ಬರಹಗಳಲ್ಲಿ 936 ಅಥವಾ 908 ಎಂದು ಕಾಣುವುದು ದಾರಿಯಲ್ಲಿ ಸತ್ತವರನ್ನು, ನಿರಾಶ್ರಿತನಲ್ಲದ ಹಂಗೇರಿಯ ಒಬ್ಬ ವ್ಯಾಪಾರಿಯನ್ನು ಸೇರಿಸುವ ಬಿಡುವ ವ್ಯತ್ಯಾಸದಿಂದ.

ಇನ್ನೊಂದು 937 ಓದುಗರನ್ನು ಗೊಂದಲಕ್ಕೆ ಕೆಡವುತ್ತದೆ. ಹಡಗು ಹೊರಡುವ ಎಂಟು ದಿನ ಮೊದಲು, ಮೇ 5ರಂದು, ಕ್ಯೂಬಾದ ಅಧ್ಯಕ್ಷ ಫೆಡೆರಿಕೊ ಲಾರೆಡೊ ಬ್ರು ಹೊರಡಿಸಿದ ಆಜ್ಞೆಯ ಸಂಖ್ಯೆಯೂ 937. ಪ್ರಯಾಣಿಕರ ಸಂಖ್ಯೆಗೂ ಅದಕ್ಕೂ ಯಾವ ನಂಟೂ ಇಲ್ಲ, ಬರೀ ಕಾಕತಾಳೀಯ. ಆದರೆ ಆ ಆಜ್ಞೆಯ ಒಳಗಿನ ಮಾತು ಬಹಳ ಮುಖ್ಯ, ಮತ್ತು ಚಿತ್ರ ಅದನ್ನು ಅವಸರದಲ್ಲಿ ದಾಟಿಬಿಡುತ್ತದೆ. 1939ರ ಜನವರಿಯಲ್ಲಿ ಹೊರಟಿದ್ದ ಹಿಂದಿನ ಆಜ್ಞೆಯೊಂದು ಪ್ರವಾಸಿಗೂ ನಿರಾಶ್ರಿತನಿಗೂ ಭೇದ ಮಾಡಿತ್ತು: ನಿರಾಶ್ರಿತ 500 ಡಾಲರ್ ಠೇವಣಿ ಇಡಬೇಕು, ಪ್ರವಾಸಿಗೆ ವೀಸಾ ಕೂಡ ಬೇಡ. ವಲಸೆ ಇಲಾಖೆಯ ಮಹಾನಿರ್ದೇಶಕ ಮ್ಯಾನುಯೆಲ್ ಬೆನಿಟೆಜ್ ಈ ಸಂದಿಯಲ್ಲಿ ಕೈ ಹಾಕಿ, ನಿರಾಶ್ರಿತರಿಗೆ ಪ್ರವಾಸಿಗಳೆಂಬ ಲೆಕ್ಕದಲ್ಲಿ ‘ಇಳಿಯುವ ಪರವಾನಗಿ’ಗಳನ್ನು ತಲಾ 150 ಡಾಲರಿಗೂ ಹೆಚ್ಚಿಗೂ ಮಾರತೊಡಗಿದ. ಅವನು ಹೀಗೆ ಐದರಿಂದ ಹತ್ತು ಲಕ್ಷ ಡಾಲರ್ ಗಳಿಸಿದ್ದನೆಂದು ಅಮೆರಿಕದ ಅಧಿಕಾರಿಗಳು ಅಂದಾಜು ಮಾಡಿದ್ದರು. ಸೇನಾ ಮುಖ್ಯಸ್ಥ ಬಾಟಿಸ್ಟಾನ ನೆರಳಿನಲ್ಲಿದ್ದ ಬೆನಿಟೆಜ್ ಈ ಲಾಭವನ್ನು ಅಧ್ಯಕ್ಷರ ಕಡೆಯವರ ಜತೆ ಹಂಚಿಕೊಳ್ಳಲಿಲ್ಲ. ಮೇ 5ರ ಆಜ್ಞೆ ಆ ಪರವಾನಗಿಗಳನ್ನೆಲ್ಲ ಒಂದೇ ಏಟಿಗೆ ರದ್ದುಪಡಿಸಿತು. ಮುಂದೆ ಬರುವವರಿಗೆ ವಿದೇಶಾಂಗ ಮತ್ತು ಕಾರ್ಮಿಕ ಇಲಾಖೆಗಳ ಲಿಖಿತ ಒಪ್ಪಿಗೆ ಬೇಕು, 500 ಡಾಲರ್ ಠೇವಣಿಯೂ ಬೇಕು.

ಹಾಗಾಗಿ ಹಡಗು ಲಂಗರು ಎತ್ತುವ ಹೊತ್ತಿಗೇ ಪ್ರಯಾಣಿಕರ ಕೈಯಲ್ಲಿದ್ದ ಕಾಗದ ಸತ್ತುಹೋಗಿತ್ತು. ಅದು ಹಡಗು ಕಂಪನಿ ಹಾಪಾಗ್‌ನ ಮೇಲಧಿಕಾರಿಗಳಿಗೆ ತಿಳಿದಿತ್ತು, ಪ್ರಯಾಣಿಕರಿಗೆ ತಿಳಿದಿರಲಿಲ್ಲ. ಟಿಕೆಟ್ಟಿನ ದುಡ್ಡಿನ ಮೇಲೆ 230 ಮಾರ್ಕ್ ಹೆಚ್ಚುವರಿಯಾಗಿ ಅವರಿಂದ ಕಟ್ಟಿಸಿಕೊಳ್ಳಲಾಗಿತ್ತು. ಒಂದು ವೇಳೆ ಹಿಂದಿರುಗಬೇಕಾಗಿ ಬಂದರೆ ಎಂಬ ನೆಪ. ಜರ್ಮನಿ ಬಿಡುವ ಯಹೂದಿ ತನ್ನೊಂದಿಗೆ ಒಯ್ಯಬಹುದಾಗಿದ್ದದ್ದು ಬರೀ 10 ಮಾರ್ಕ್ ಎಂಬುದನ್ನು ನೆನೆದರೆ ಈ 230ರ ಭಾರ ಗೊತ್ತಾಗುತ್ತದೆ. 1938ರ ನವೆಂಬರಿನ ಗಲಭೆಗಳ ನಂತರ ಡಾಖೌ, ಬುಖೆನ್‌ವಾಲ್ಡ್ ಶಿಬಿರಗಳಿಂದ ‘ಕೂಡಲೇ ದೇಶ ಬಿಡುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟು ಹೊರಬಂದ ಗಂಡಸರು ಹಡಗಿನಲ್ಲಿದ್ದರು. ಅವರ ಪಾಲಿಗೆ ಹ್ಯಾಂಬರ್ಗಿಗೆ ಮರಳುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಹವಾನಾದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಹಡಗನ್ನು ಕಟ್ಟೆಗೆ ತರಲು ಬಿಡದೆ ಬಂದರಿನ ನಡುವೆಯೇ ನಿಲ್ಲಿಸಿದ್ದರು. ಮೊದಲೇ ಬಂದು ಕ್ಯೂಬಾ ಸೇರಿದ್ದ ಗಂಡಂದಿರು, ತಂದೆಯರು, ಅಣ್ಣತಮ್ಮಂದಿರು ಬಾಡಿಗೆ ದೋಣಿ ಹಿಡಿದು ಹಡಗಿನ ಸುತ್ತ ಸುತ್ತುತ್ತಿದ್ದರು. ಮೇಲಿನ ಅಟ್ಟಣೆಯ ಕಟಾಂಜನಕ್ಕೆ ಒರಗಿ ನಿಂತ ಹೆಂಗಸರು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು. ಹೆಸರು ಹಿಡಿದು ಕೂಗಿದರೆ ಕೇಳಿಸುವಷ್ಟು ಹತ್ತಿರ. ಪೊಲೀಸರ ದೋಣಿಗಳು ಮುಟ್ಟಗೊಡುತ್ತಿರಲಿಲ್ಲ. ಕಡಲಿಗೆ ಹಾರಿದ ವಕೀಲರನ್ನು ದಡ ಸೇರಿಸಿದರೂ ಅವರ ಹೆಂಡತಿ ಮಕ್ಕಳನ್ನು ಇಳಿಯಗೊಡಲಿಲ್ಲ. ಚಿತ್ರದಲ್ಲಿ ಈ ವಕೀಲರ ನೆರಳಿನಂತೆ ಬರುವುದು ಸ್ಯಾಮ್ ವನಾಮೇಕರ್ ಮಾಡಿದ ಕಾರ್ಲ್ ರೋಸೆನ್ ಪಾತ್ರ. ಅವನ ಹೆಂಡತಿಯಾಗಿ ಲೀ ಗ್ರಾಂಟ್ ನಟಿಸಿದ್ದಾರೆ. ಅದಕ್ಕಾಗಿ ಆಸ್ಕರ್ ನಾಮನಿರ್ದೇಶನ ಪಡೆದರು. ಆ ದಂಪತಿಯ ದೃಶ್ಯಗಳಲ್ಲಿ ಚಿತ್ರ ಇತಿಹಾಸದ ತೀರಾ ಸಮೀಪಕ್ಕೆ ಬರುತ್ತದೆ. ಅವರ ಮಗಳು ಮತ್ತು ಹಡಗಿನ ಮಾಣಿಯ ನಡುವಿನ ಪ್ರೇಮ, ಇಬ್ಬರೂ ಕೂಡಿ ಪ್ರಾಣ ಬಿಡುವುದು ಮಾತ್ರ ಚಿತ್ರಕಥೆಯ ಕಟ್ಟು. ದಾಖಲೆಯಲ್ಲಿ ಇರುವುದು ಹಡಗಿನ ಸಿಬ್ಬಂದಿಯೊಬ್ಬ ಕಡಲಿಗೆ ಹಾರಿ ಸತ್ತದ್ದು.

ಚಿತ್ರೀಕರಣದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ತೆರೆಯ ಮೇಲಿನ ದೃಶ್ಯಗಳನ್ನು ದಾಖಲೆಯೆಂಬಂತೆ ಬಳಸುವ ಅಭ್ಯಾಸ ಬೆಳೆದಿದೆ. ತೆರೆಯ ಮೇಲಿನ ಹಡಗು ‘ಇರ್ಪಿನಿಯಾ’ ಎಂಬ ಇಟಲಿಯ ಹಡಗು. ಸೇಂಟ್ ಲೂಯಿಸ್‌ನಂತೆ ಕಾಣಲೆಂದು ಅದಕ್ಕೆ ಎರಡು ಹುಸಿ ಹೊಗೆಕೊಳವೆಗಳನ್ನು ಜೋಡಿಸಿದ್ದರು. ಹವಾನಾ ಎಂದು ತೋರುವ ಊರು ಸ್ಪೇನಿನ ಬಾರ್ಸಿಲೋನಾ. ಅಸಲಿ ಸೇಂಟ್ ಲೂಯಿಸ್ ಯುದ್ಧದಲ್ಲಿ ಕೀಲ್ ಬಂದರಿನಲ್ಲಿ ಬಾಂಬಿಗೆ ಸಿಕ್ಕಿ ಜಖಂಗೊಂಡು, ಕೆಲಕಾಲ ಹ್ಯಾಂಬರ್ಗಿನಲ್ಲಿ ತೇಲುವ ವಸತಿಗೃಹವಾಗಿದ್ದು, 1952ರಲ್ಲಿ ಗುಜರಿಗೆ ಹೋಗಿತ್ತು. ಪಾತ್ರವರ್ಗದಲ್ಲಿ ಫೇ ಡನವೇ, ಆಸ್ಕರ್ ವೆರ್ನರ್, ಜೇಮ್ಸ್ ಮೇಸನ್, ಆರ್ಸನ್ ವೆಲ್ಸ್, ಫರ್ನಾಂಡೊ ರೇ, ಮಾಲ್ಕಮ್ ಮೆಕ್‌ಡೊವೆಲ್ ಎಲ್ಲರೂ ಇದ್ದಾರೆ. ಇಷ್ಟೊಂದು ಪ್ರಸಿದ್ಧರಿಗೆ ಜಾಗ ಮಾಡಿಕೊಡಲು ಹೋಗಿ ಕಥೆ ಚೂರುಚೂರಾಗಿದೆ ಎಂದು ಆಗಿನ ವಿಮರ್ಶಕರು ದೂರಿದರು, ಆ ದೂರಿನಲ್ಲಿ ಹುರುಳಿದೆ. ಆದರೂ ವೆರ್ನರ್ ಇರುವ ಭಾಗವನ್ನು ನಾನು ಬಿಟ್ಟುಕೊಡಲಾರೆ. 1965ರ ‘ಶಿಪ್ ಆಫ್ ಫೂಲ್ಸ್’ನಲ್ಲಿ ಜರ್ಮನ್ ಹಡಗಿನ ವೈದ್ಯನಾಗಿದ್ದವರು ಇಲ್ಲಿ ವೃತ್ತಿಯಿಂದ ಹೊರದೂಡಿಸಿಕೊಂಡ ಯಹೂದಿ ವೈದ್ಯ ಪ್ರಾಧ್ಯಾಪಕ. ಹಿಟ್ಲರನ ಸೇನೆಗೆ ಬಲವಂತವಾಗಿ ಸೇರಿಸಲ್ಪಟ್ಟು, ಯುದ್ಧದ ಕೊನೆಯಲ್ಲಿ ಯಹೂದಿ ಮೂಲದ ಹೆಂಡತಿಯೊಡನೆ ತಪ್ಪಿಸಿಕೊಂಡು ಅಡಗಿ ಬದುಕಿದ ಮನುಷ್ಯ ಅವರು. ಇದೇ ಅವರ ಕೊನೆಯ ಚಿತ್ರ.

ಪಾತ್ರವರ್ಗದ ಪಟ್ಟಿಯಲ್ಲಿ ಇಲ್ಲದ ಹೆಸರೂ ಅಷ್ಟೇ ಮಾತಾಡುತ್ತದೆ. ಕ್ಯೂಬಾದ ಅಧ್ಯಕ್ಷರಿದ್ದಾರೆ, ಮಂತ್ರಿಯಿದ್ದಾರೆ, ಲಂಚಕೋರ ಅಧಿಕಾರಿಯಿದ್ದಾನೆ, ಜರ್ಮನ್ ಗೂಢಚಾರ ಸಂಸ್ಥೆಯ ಕನಾರಿಸ್ ಇದ್ದಾನೆ, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಇಲ್ಲ. ಜೂನ್ 2ರಂದು ಕ್ಯೂಬಾದ ಜಲಸೀಮೆ ಬಿಟ್ಟ ಹಡಗು ಮಯಾಮಿ ದೀಪಗಳು ಕಾಣುವಷ್ಟು ಹತ್ತಿರದಲ್ಲಿ ನಿಧಾನವಾಗಿ ಸಾಗಿತು. ಪ್ರಯಾಣಿಕರು ರೂಸ್‌ವೆಲ್ಟ್‌ಗೆ ತಂತಿ ಕಳಿಸಿದರು, ಉತ್ತರ ಬರಲಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ನಿಮ್ಮ ಸರದಿ ಬರುವವರೆಗೆ ಕಾಯಿರಿ. ಆ ವರ್ಷ ಜರ್ಮನಿ-ಆಸ್ಟ್ರಿಯಾಗಳ ಒಟ್ಟು ಪಾಲು 27,370 ವೀಸಾಗಳು, ಅವು ಆಗಲೇ ಭರ್ತಿಯಾಗಿದ್ದವು, ಸರದಿಯ ಸಾಲು ವರ್ಷಗಟ್ಟಲೆ ಉದ್ದವಿತ್ತು. ಹಡಗಿನಲ್ಲಿದ್ದವರಲ್ಲಿ 743 ಮಂದಿಯ ಹೆಸರು ಅದೇ ಸಾಲಿನಲ್ಲಿತ್ತು! ಅವರು ಕ್ಯೂಬಾಕ್ಕೆ ಹೊರಟದ್ದೇ ಸರದಿ ಬರುವವರೆಗೆ ಕಾಯಲು ಒಂದು ನೆಲೆ ಬೇಕೆಂದು. ಅದೇ ವರ್ಷ 20,000 ಮಕ್ಕಳನ್ನು ಸರದಿಯ ಹೊರಗೆ ಬಿಟ್ಟುಕೊಳ್ಳಬೇಕೆಂಬ ವ್ಯಾಗ್ನರ್-ರಾಜರ್ಸ್ ಮಸೂದೆ ಸಮಿತಿಯ ಹಂತದಲ್ಲೇ ಸತ್ತಿತು. ಅಮೆರಿಕದ ಕೋಸ್ಟ್ ಗಾರ್ಡ್ ಹಡಗಿನ ಮೇಲೆ ಗುಂಡು ಹಾರಿಸಿತು ಎಂದು ಅಲ್ಲಲ್ಲಿ ಓದಲು ಸಿಗುತ್ತದೆ, ಅದಕ್ಕೆ ದಾಖಲೆಯ ಆಧಾರವಿಲ್ಲ. ದಾಖಲೆಯಲ್ಲಿ ಕಾಣುವುದು, ಮಾತುಕತೆ ಇನ್ನೂ ನಡೆದಿದೆ ಎಂಬ ಆಸೆಯಿಂದ ಖಜಾನೆ ಕಾರ್ಯದರ್ಶಿ ಹೆನ್ರಿ ಮಾರ್ಗೆಂಥೌ ಹಡಗು ಎಲ್ಲಿದೆಯೆಂದು ಕೋಸ್ಟ್ ಗಾರ್ಡನ್ನು ವಿಚಾರಿಸಿದ್ದು. ಗುಂಡು ಹಾರಿಸುವ ಅಗತ್ಯವೇ ಇರಲಿಲ್ಲ; ಒಂದು ಕಚೇರಿಯ ತಂತಿ ಸಾಕಾಯಿತು. ಕೆನಡಾ ಕೂಡ ಒಲ್ಲೆನೆಂದಿತು, ಅದಕ್ಕಾಗಿ ಪ್ರಧಾನಿ ಜಸ್ಟಿನ್ ಟ್ರುಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2018ರ ನವೆಂಬರ್ 7ರಂದು.

ಕಚೇರಿಯ ತಂತಿ ತೆರೆಗೆ ಒಗ್ಗುವುದಿಲ್ಲ, ಲಂಚಕೋರನ ಮುಖ ಒಗ್ಗುತ್ತದೆ. ಚಿತ್ರಕಥೆಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇದರಿಂದ ದೋಷದ ತೂಕವೆಲ್ಲ ಹವಾನಾದ ಮೇಲೆ ಬಿತ್ತು, ವಾಷಿಂಗ್ಟನ್ ಹಗುರವಾಗಿ ಪಾರಾಯಿತು.

ಕಾಗದದ ಸ್ವರೂಪ ಎಷ್ಟು ನಿರ್ಣಾಯಕವಾಗಿತ್ತು ಎಂಬುದಕ್ಕೆ ನಮ್ಮ ಕಡೆಯ ಒಂದು ನಿದರ್ಶನವಿದೆ. 1933ರಲ್ಲಿ ಬರ್ಲಿನ್ನಿನಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡು ಈಜಿಪ್ಟಿನಲ್ಲಿದ್ದ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಇದೇ 1939ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ಕಟ್ಟಿಸಿದ ಕಟ್ಟಡಗಳಿವೆ. ಅವರ ಬಳಿ ಇದ್ದದ್ದು ಒಂದು ಸಂಸ್ಥಾನದ ನೇಮಕಾತಿ. ಸೇಂಟ್ ಲೂಯಿಸ್‌ನಲ್ಲಿ ಅವರಷ್ಟೇ ಓದಿದವರು, ವೈದ್ಯರು, ವಕೀಲರು ಬೇಕಾದಷ್ಟು ಮಂದಿ ಇದ್ದರು; ಅವರಿಗಾಗಿ ಯಾವ ದಿವಾನರೂ ಕಾಗದ ಬರೆಯಲಿಲ್ಲ.

ಹಡಗು ಜೂನ್ 6ರಂದು ಯುರೋಪಿನತ್ತ ತಿರುಗಿತು. ಅಮೆರಿಕದ ಯಹೂದಿ ಪರಿಹಾರ ಸಂಸ್ಥೆ ‘ಜಾಯಿಂಟ್’ ಪರವಾಗಿ ಹವಾನಾದಲ್ಲಿ ವಕೀಲ ಲಾರೆನ್ಸ್ ಬೆರೆನ್ಸನ್ ನಡೆಸಿದ ಚೌಕಾಸಿ ಮುರಿದು ಬಿದ್ದಿತ್ತು. ಮೊತ್ತ ತಗ್ಗಿಸಲು ಹೋಗಿ ಅವರು ಕೆಲಸ ಕೆಡಿಸಿದರೆಂದು ಬರೆದವರಿದ್ದಾರೆ. ಅದೊಂದೇ ಮಾತು ಹೇಳಿ ಬಿಡುವುದು ನ್ಯಾಯವಲ್ಲ, ಏಕೆಂದರೆ ಕೇಳಿದಷ್ಟು ಕೊಟ್ಟರೆ ನಾಳೆ ಪ್ರತಿ ಹಡಗಿಗೂ ಅದೇ ದರ ನಿಗದಿಯಾಗುವ ಭಯ ಆಗ ವಾಸ್ತವವಾಗಿತ್ತು. ಪ್ಯಾರಿಸ್ಸಿನಲ್ಲಿದ್ದ ಅದೇ ಸಂಸ್ಥೆಯ ಮಾರಿಸ್ ಟ್ರೋಪರ್ ನಾಲ್ಕು ಸರ್ಕಾರಗಳ ಬಾಗಿಲು ಬಡಿದು ಒಪ್ಪಿಸಿದರು. ಬ್ರಿಟನ್ 288, ಫ್ರಾನ್ಸ್ 224, ಬೆಲ್ಜಿಯಂ 214, ನೆದರ್‌ಲ್ಯಾಂಡ್ಸ್ 181. ಜೂನ್ 17ರಂದು ಹಡಗು ಆಂಟ್‌ವರ್ಪ್ ಸೇರಿತು. ಚಿತ್ರದ ಕಥೆ ಈ ಸಮಾಧಾನದ ಸುದ್ದಿಯೊಂದಿಗೆ ಮುಗಿಯುತ್ತದೆ, ಅದರ ಬೆನ್ನಿಗೇ 600 ಎಂಬ ಅಂಕಿ ಬಂದು ಸಮಾಧಾನವನ್ನು ಕಿತ್ತುಕೊಳ್ಳುತ್ತದೆ. ನಾಟಕೀಯ ತಿರುವಾಗಿ ಅದು ಬಲವಾಗಿದೆ, ಒಪ್ಪುತ್ತೇನೆ. ಆದರೆ ಆ ಎರಡರ ನಡುವಿನ, 1940ರ ಮೇ ತಿಂಗಳ ಜರ್ಮನ್ ದಾಳಿಯವರೆಗಿನ ಹನ್ನೊಂದು ತಿಂಗಳು ಮಾಯವಾಗಿದೆ.

ಆ ಹನ್ನೊಂದು ತಿಂಗಳಲ್ಲೂ ಆಮೇಲೂ ಏನಾಯಿತೆಂದು ಪತ್ತೆ ಮಾಡಿದ್ದು ವಾಷಿಂಗ್ಟನ್ನಿನ ಹತ್ಯಾಕಾಂಡ ಸ್ಮಾರಕ ವಸ್ತುಸಂಗ್ರಹಾಲಯದ ಸಾರಾ ಓಗಿಲ್ವಿ ಮತ್ತು ಸ್ಕಾಟ್ ಮಿಲ್ಲರ್. ಪ್ರಯಾಣಿಕರ ಪಟ್ಟಿಯ ಒಂದೊಂದು ಹೆಸರನ್ನೂ ಹಿಡಿದು, ಶಿಬಿರಗಳ ಸಾಗಣೆ ಪಟ್ಟಿ, ವಲಸೆ ದಾಖಲೆ, ಕುಟುಂಬದವರ ನೆನಪುಗಳ ನಡುವೆ ಅವರು ಹುಡುಕಿದರು. 2006ರಲ್ಲಿ ‘ರೆಫ್ಯೂಜ್ ಡಿನೈಡ್’ ಪುಸ್ತಕವಾಗಿ ಅದು ಹೊರಬಂತು. ಅವರ ಎಣಿಕೆ ಹೀಗೆ ಸಾಗುತ್ತದೆ. ಯುರೋಪಿನ ನೆಲಕ್ಕೆ ಮರಳಿದ 619 ನಿರಾಶ್ರಿತರಲ್ಲಿ 87 ಮಂದಿ 1940ರ ಮೇ 10ರ ಜರ್ಮನ್ ದಾಳಿಗೆ ಮೊದಲೇ ಖಂಡ ಬಿಟ್ಟು ಪಾರಾದರು. ಅವರಲ್ಲಿ ಹಲವರಿಗೆ ಕೊನೆಗೂ ಅಮೆರಿಕದ ಸರದಿ ಬಂದಿತ್ತು. ಸಿಕ್ಕಿಬಿದ್ದವರು 532. ಅವರಲ್ಲಿ 278 ಮಂದಿ ಬದುಕುಳಿದರು, 254 ಮಂದಿ ಸತ್ತರು: ಬೆಲ್ಜಿಯಂ ಇಳಿಸಿಕೊಂಡವರಲ್ಲಿ 84, ನೆದರ್‌ಲ್ಯಾಂಡ್ಸಿನವರಲ್ಲಿ 84, ಫ್ರಾನ್ಸಿನವರಲ್ಲಿ 86. ಬ್ರಿಟನ್ನಿಗೆ ಹೋದ 288ರಲ್ಲಿ 1940ರ ವಾಯುದಾಳಿಯಲ್ಲಿ ಸತ್ತ ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಯುದ್ಧ ದಾಟಿದರು.

ಈಗ ಇದನ್ನು 1974ರ ಅಂದಾಜಿನ ಪಕ್ಕದಲ್ಲಿಟ್ಟು ನೋಡಬೇಕು. ಒಟ್ಟು ಮೊತ್ತದಲ್ಲಿ 227 ಮತ್ತು 254 ಅಷ್ಟೇನೂ ದೂರವಿಲ್ಲ. ಒಳಗಿನ ಹಂಚಿಕೆ ಮಾತ್ರ ಪೂರಾ ಬೇರೆ. ಅಂದಾಜಿನ ಪ್ರಕಾರ ನೆದರ್‌ಲ್ಯಾಂಡ್ಸಿನವರಲ್ಲಿ 121 ಮಂದಿ ಸತ್ತಿರಬೇಕಿತ್ತು, ಸತ್ತವರು 84. ಬೆಲ್ಜಿಯಮ್ಮಿನವರಲ್ಲಿ 62 ಎಂದಿದ್ದದ್ದು 84 ಆಯಿತು. ಫ್ರಾನ್ಸಿನವರಲ್ಲಂತೂ 44ರ ಜಾಗದಲ್ಲಿ 86, ಸುಮಾರು ಇಮ್ಮಡಿ. ಒಂದು ಕಡೆಯ ಹೆಚ್ಚಳ ಇನ್ನೊಂದು ಕಡೆಯ ಇಳಿಕೆಯನ್ನು ಮುಚ್ಚಿದ್ದರಿಂದ ಮೊತ್ತ ಸರಿಯೆನಿಸಿತು, ಅಷ್ಟೇ. ಫ್ರಾನ್ಸಿನ ಯಹೂದಿಗಳಲ್ಲಿ ಮುಕ್ಕಾಲು ಪಾಲು ಉಳಿದರು ಎಂಬ ಸರಾಸರಿ, ಆ ದೇಶದ ಪೌರತ್ವವಿಲ್ಲದ, ನೆಂಟರಿಷ್ಟರಿಲ್ಲದ, ಭಾಷೆ ಬಾರದ ಹೊಸಬರಿಗೆ ಹೊಂದುವುದಿಲ್ಲ. ಗಡೀಪಾರಿನ ಪಟ್ಟಿಗಳಲ್ಲಿ ಫ್ರಾನ್ಸಿನ ಆಡಳಿತ ಮೊದಲು ಸೇರಿಸಿದ್ದು ಪರದೇಶಿ ಯಹೂದಿಗಳನ್ನೇ. ಸೇಂಟ್ ಲೂಯಿಸ್‌ನವರ ದುರ್ದೆಸೆಗೆ ಅವರು ಯಹೂದಿಗಳಾಗಿದ್ದದ್ದರ ಜತೆಗೆ ಎಲ್ಲಿಯೂ ಯಾರವರೂ ಆಗಿಲ್ಲದ್ದೂ ಕಾರಣವಾಯಿತು ಎಂಬುದನ್ನು ಈ 44 ಮತ್ತು 86ರ ಅಂತರ ತೋರಿಸುತ್ತದೆ. ಇಡೀ ಟಿಪ್ಪಣಿಯಲ್ಲಿ ನನಗೆ ಬಹಳ ಮುಖ್ಯವಾಗಿ ತೋರುವ ಸಂಗತಿ ಇದು.

ಬೆಲ್ಜಿಯಮ್ಮಿನ ಅಂಕಿಯ ಹಿಂದೆಯೂ ಇಂಥದೇ ಕಥೆಯಿದೆ. ದಾಳಿ ಶುರುವಾದೊಡನೆ ಬೆಲ್ಜಿಯಂ ಪೊಲೀಸರು ಜರ್ಮನ್ ಪ್ರಜೆಗಳೆಂಬ ಕಾರಣಕ್ಕೆ ಯಹೂದಿ ಗಂಡಸರನ್ನೂ ‘ಶತ್ರು ದೇಶದವರು’ ಎಂದು ಹಿಡಿದು ದಕ್ಷಿಣ ಫ್ರಾನ್ಸಿನ ಸೇಂಟ್ ಸಿಪ್ರಿಯನ್, ಗುರ್ಸ್ ಶಿಬಿರಗಳಿಗೆ ಸಾಗಹಾಕಿದರು. ಜರ್ಮನಿ ಅವರನ್ನು ಜರ್ಮನ್ನರಲ್ಲವೆಂದು ಓಡಿಸಿತ್ತು, ಬೆಲ್ಜಿಯಂ ಜರ್ಮನ್ನರೆಂದು ಕೂಡಿಹಾಕಿತು. 1942ರಲ್ಲಿ ಆ ಶಿಬಿರಗಳಿಂದ ಡ್ರಾನ್ಸಿ ಸಾಗಣೆ ಶಿಬಿರ, ಅಲ್ಲಿಂದ ಆಶ್‌ವಿಟ್ಜ್. ಹಾಗಾಗಿ ಮೇಲಿನ ದೇಶವಾರು ಲೆಕ್ಕ ಅವರು ಮೊದಲು ಇಳಿದ ನೆಲದ್ದು. ಹಿಡಿದೊಯ್ದ ನೆಲ ಎಷ್ಟೋ ಬಾರಿ ಬೇರೆ.

ನೆದರ್‌ಲ್ಯಾಂಡ್ಸಿನಲ್ಲಿ ನಡೆದದ್ದು ಇನ್ನೂ ಕಹಿ. ನಿರಾಶ್ರಿತರಿಗೆಂದೇ ಡಚ್ ಸರ್ಕಾರ ಡ್ರೆಂತೆ ಪ್ರಾಂತ್ಯದ ಬಯಲಿನಲ್ಲಿ ವೆಸ್ಟರ್‌ಬೋರ್ಕ್ ಎಂಬ ಶಿಬಿರ ಕಟ್ಟಿಸಿ, ಅದರ ಖರ್ಚನ್ನು ಅಲ್ಲಿನ ಯಹೂದಿ ಸಮುದಾಯದ ಮೇಲೆ ಹೊರಿಸಿತು. 1939ರ ಅಕ್ಟೋಬರ್ 9ರಂದು ಅಲ್ಲಿಗೆ ಬಂದ ಮೊದಲ 22 ಮಂದಿ ಸೇಂಟ್ ಲೂಯಿಸ್ ಪ್ರಯಾಣಿಕರು. 1942ರ ಜುಲೈನಲ್ಲಿ ಜರ್ಮನ್ನರು ಆ ಶಿಬಿರದ ಆಡಳಿತ ವಹಿಸಿಕೊಂಡು ಅದನ್ನೇ ಸಾಗಣೆ ಕೇಂದ್ರ ಮಾಡಿದರು. ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಆಶ್‌ವಿಟ್ಜ್, ಸೊಬಿಬೋರ್ ಮುಂತಾದ ಕಡೆಗೆ ಹೋದದ್ದು ಅಲ್ಲಿಂದಲೇ. ಚಿತ್ರದ ಮುಕ್ತಾಯದ ಒಂದು ಸಾಲಿನಲ್ಲಿ ಇದಕ್ಕೆ ಎಡೆಯಿಲ್ಲ. ಸೇಂಟ್ ಲೂಯಿಸ್ ಕುರಿತು ಇನ್ನೊಂದು ಚಿತ್ರ ಆಗುವುದಾದರೆ ಅದು ಆಂಟ್‌ವರ್ಪಿನಿಂದ ಶುರುವಾಗಲಿ ಎಂದು ನಾನು ಆಶಿಸುವುದು ಇದಕ್ಕಾಗಿಯೇ.

ಕ್ಯಾಪ್ಟನ್ ಗುಸ್ತಾವ್ ಶ್ರೋಡರ್ ವಿಷಯದಲ್ಲಿ ಮಾತ್ರ ಚಿತ್ರ ಮುಂದಿನ ಸಂಶೋಧನೆಗಿಂತ ಹಿಂದೆ ಬಿದ್ದಿಲ್ಲ. ಮ್ಯಾಕ್ಸ್ ವಾನ್ ಸೀಡೋ ಅವರನ್ನು ಮಾತು ಕಡಿಮೆ, ಕರ್ತವ್ಯ ಹೆಚ್ಚು ಎಂಬ ಮನುಷ್ಯನಾಗಿ ಕಟ್ಟಿದ್ದಾರೆ. ದಾಖಲೆಗಳೂ ಅದನ್ನೇ ಹೇಳುತ್ತವೆ. ಪ್ರಯಾಣಿಕರನ್ನು ಬೇರೆ ಯಾವುದೇ ಪ್ರಯಾಣಿಕರಂತೆ ಗೌರವದಿಂದ ಕಾಣಬೇಕೆಂದು ಸಿಬ್ಬಂದಿಗೆ ಕಟ್ಟುನಿಟ್ಟು ಮಾಡಿದವರು, ಶುಕ್ರವಾರದ ಪ್ರಾರ್ಥನೆಯ ಹೊತ್ತಿಗೆ ಹಿಟ್ಲರನ ಚಿತ್ರಪಟ ಕೆಳಗಿಳಿಸಲು ಒಪ್ಪಿದವರು ಅವರು. ವಾಪಸಾಗುವಾಗ ಹತಾಶರಾದ ಕೆಲವು ಯುವಕರು ಹಡಗನ್ನು ವಶಪಡಿಸಿಕೊಳ್ಳಲು ನುಗ್ಗಿದರೆ, ಅವರನ್ನು ಮಾತಿನಿಂದಲೇ ಸಮಾಧಾನಪಡಿಸಿ ಯಾರ ಮೇಲೂ ದೂರು ದಾಖಲಿಸಲಿಲ್ಲ. ಯಾವ ದೇಶವೂ ಒಪ್ಪದಿದ್ದರೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹಡಗನ್ನು ನೆಲಕ್ಕೆ ತಾಗಿಸಿ, ಬೆಂಕಿ ಹಚ್ಚಿ, ಎಲ್ಲರನ್ನೂ ದಡ ಸೇರಿಸುವ ಯೋಜನೆ ಹಾಕಿಟ್ಟಿದ್ದರು. 1949ರಲ್ಲಿ ಈ ಪ್ರಯಾಣದ ನೆನಪುಗಳನ್ನು ಜರ್ಮನ್ ಭಾಷೆಯಲ್ಲಿ ಬರೆದರು, 1959ರಲ್ಲಿ ತೀರಿಕೊಂಡರು. ಜೆರುಸಲೇಮಿನ ಹತ್ಯಾಕಾಂಡ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಅವರನ್ನು ಯಹೂದಿಗಳಿಗೆ ನೆರವಾದ ‘ಸಜ್ಜನರ’ ಪಟ್ಟಿಗೆ ಸೇರಿಸಿದ್ದು 1993ರಲ್ಲಿ, ಚಿತ್ರ ಬಂದು ಹದಿನೇಳು ವರ್ಷಗಳ ಮೇಲೆ. ಭಾರತದ ಓದುಗರಿಗೆ ಒಂದು ಸಂಗತಿ ಇಲ್ಲಿ ಹೇಳಲೇಬೇಕು. 1913ರಲ್ಲಿ ಕಲ್ಕತ್ತೆಯಲ್ಲಿ ನೇಮಕಗೊಂಡಿದ್ದ ಶ್ರೋಡರ್ ಮೊದಲ ಮಹಾಯುದ್ಧ ಶುರುವಾದಾಗ ಶತ್ರು ದೇಶದವರೆಂದು ಭಾರತದಲ್ಲೇ ಬಂಧನಕ್ಕೊಳಗಾಗಿ, ಯುದ್ಧ ಮುಗಿಯುವವರೆಗೆ ಶಿಬಿರದಲ್ಲಿ ಕಳೆದರು. ತನ್ನದಲ್ಲದ ತಪ್ಪಿಗೆ ಬೇಲಿಯ ಒಳಗಿರುವುದೆಂದರೇನು ಎಂಬುದು ಸೇಂಟ್ ಲೂಯಿಸ್ ಹತ್ತುವ ಇಪ್ಪತ್ತೈದು ವರ್ಷ ಮೊದಲೇ ಅವರಿಗೆ ಗೊತ್ತಿತ್ತು. ಚಿತ್ರ ಈ ಹಿನ್ನೆಲೆಯನ್ನು ಬಳಸಿಕೊಂಡಿಲ್ಲ.

ಹೆಸರು ಹೆಸರಾಗಿ ಎಣಿಸುವ ಈ ಕ್ರಮವನ್ನು ಇನ್ನೆರಡು ಹಡಗುಗಳಿಗೆ ಅನ್ವಯಿಸಿ ಸೇಂಟ್ ಲೂಯಿಸ್ ಜತೆ ಹೋಲಿಸುವ ಕೆಲಸ ಆಗಬೇಕು. ಅದೇ ಮೇ ತಿಂಗಳ ಕೊನೆಯಲ್ಲಿ ಬ್ರಿಟನ್ನಿನ ‘ಆರ್ಡುನಾ’, ಫ್ರಾನ್ಸಿನ ‘ಫ್ಲಾಂಡ್ರ್’ ಕೂಡ ಹವಾನಾಕ್ಕೆ ಬಂದಿದ್ದವು. ಫ್ಲಾಂಡ್ರ್‌ನಲ್ಲಿದ್ದ 104 ಯಹೂದಿಗಳು ಇಳಿಯಲಾಗದೆ ಫ್ರಾನ್ಸಿಗೆ ಮರಳಿದರು. ಆರ್ಡುನಾದ 120 ಮಂದಿಯಲ್ಲಿ 48 ಮಂದಿ ಹವಾನಾದಲ್ಲಿ ಇಳಿದರು. ಉಳಿದ 72 ಮಂದಿ ದಕ್ಷಿಣ ಅಮೆರಿಕದ ಬಂದರುಗಳನ್ನು ಸುತ್ತಿ ಪನಾಮಾ ಕಾಲುವೆ ವಲಯದ ಬಾಲ್ಬೋವಾಕ್ಕೆ ಬಂದು ಇಳಿದರು. ಅದು ಅಮೆರಿಕದ ಆಡಳಿತದ ನೆಲ. ಅಲ್ಲಿ ಅವರನ್ನು ಸರದಿ ಬರುವವರೆಗೆ ಇರಗೊಡಲಾಯಿತು, ಹೆಚ್ಚಿನವರು 1940ರಲ್ಲಿ ವೀಸಾ ಪಡೆದು ಅಮೆರಿಕ ಸೇರಿದರು. ಸೇಂಟ್ ಲೂಯಿಸ್‌ನ 743 ಮಂದಿ ನಿಂತಿದ್ದ ಸಾಲೂ ಇದೇ, ಕಾನೂನೂ ಇದೇ, ವರ್ಷವೂ ಇದೇ. ಕಾಯಲು ಅಮೆರಿಕ ಅವರಿಗೆ ಒಂದು ಜಾಗ ಕೊಡಬಹುದಿತ್ತು ಎಂಬುದಕ್ಕೆ ಬಾಲ್ಬೋವಾದ ದಾಖಲೆಗಳಿಗಿಂತ ಬಲವಾದ ಸಾಕ್ಷಿ ಬೇರೆ ಬೇಕಿಲ್ಲ.